ಭಾವನ ಕೆಮ್ಮು

ನನ್ನ ಭಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲು ಹೋದರೆ ಕಿವಿ ಕೆಂಪಗಾಗಿ ಸಿಕ್ಕಿಬೀಳುತ್ತಿದ್ದರು. ಅಂಥ ಮನುಷ್ಯನ ಪಾಲಿಗೆ ಬಂದ ಕೆಲಸ ನೋಡಿ: ಇಲ್ಲದ ರೋಗಿಯ ಪರವಾಗಿ, ಇಲ್ಲದ ನೋವಿಗೆ, ದಿನವಿಡೀ ಮೈಕಿನ ಮುಂದೆ ಕೂತು ನರಳುವುದು. "ನನ್ನ ಹಣೆಬರಹ ಬರೆದೋನಿಗೆ ತಮಾಷೆ ಜಾಸ್ತಿ" ಎಂದು ಅವರೇ ನಗುತ್ತಿದ್ದರು.

ಅವರು ನನ್ನ ಅಕ್ಕನ ಗಂಡ. ನಾನು ದೊಡ್ಡ ಆಸ್ಪತ್ರೆಯೊಂದಕ್ಕೆ ಅಂಟಿಕೊಂಡಿರುವ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಅವರು ಅದೇ ಕಾಲೇಜಿನ ಮೇಲ್ಮಹಡಿಯಲ್ಲಿ ಬೊಂಬೆ ನಡೆಸುವವರು. ಆ ಬೊಂಬೆ ಮನುಷ್ಯನಷ್ಟು ಉದ್ದ, ಮನುಷ್ಯನಿಗಿಂತ ಭಾರ. ರಬ್ಬರಿನ ಚರ್ಮ. ಎದೆ ಏರಿಳಿಯುತ್ತದೆ, ಮಣಿಕಟ್ಟಿನಲ್ಲಿ ನಾಡಿ ಬಡಿಯುತ್ತದೆ, ಕಣ್ಣು ಪಿಳಿಪಿಳಿ ಬಿಡುತ್ತದೆ. ಮಂಚ, ಪರದೆ, ಸಲೈನ್ ಸ್ಟ್ಯಾಂಡು, ಹಾಸಿಗೆ ಪಕ್ಕದ ಕರೆಗಂಟೆ, ಎಲ್ಲ ವಾರ್ಡಿನಲ್ಲಿ ಇರುವ ಹಾಗೆಯೇ. ಪರೀಕ್ಷೆಯ ದಿನ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಆ ಬೊಂಬೆಯನ್ನು ನಿಜವಾದ ರೋಗಿಯೆಂದೇ ತಿಳಿದು ನೋಡಿಕೊಳ್ಳಬೇಕು. ಪಕ್ಕದ ಕತ್ತಲೆ ಕೋಣೆಯಲ್ಲಿ, ಗಾಜಿನ ಹಿಂದೆ, ನಾವಿಬ್ಬರು ಕೂರುತ್ತಿದ್ದೆವು. ನಮಗೆ ಅವರು ಕಾಣುತ್ತಾರೆ, ಅವರಿಗೆ ನಾವು ಕಾಣುವುದಿಲ್ಲ. ಭಾವ ಗುಂಡಿ ಒತ್ತಿ ಬೊಂಬೆಯ ಸ್ಥಿತಿಯನ್ನು ಕೆಡಿಸುತ್ತ ಹೋಗುತ್ತಿದ್ದರು, ಅದರ ಪರವಾಗಿ ಮಾತನ್ನೂ ಆಡುತ್ತಿದ್ದರು. ರೋಗಿಯ ಸ್ಥಿತಿ ಕೆಡುತ್ತಿರುವುದು ಹುಡುಗಿಗೆ ಎಷ್ಟು ಬೇಗ ಗೊತ್ತಾಗುತ್ತದೆ, ಯಾವಾಗ ಗಂಟೆ ಒತ್ತಿ ಡಾಕ್ಟರನ್ನು ಕರೆಯುತ್ತಾಳೆ ಎಂದು ನೋಡಿ ನಾನು ಅಂಕ ಕೊಡುತ್ತಿದ್ದೆ. ನಪಾಸಾದವಳು ವಾರ್ಡಿಗೆ ಕಾಲಿಡುವಂತಿಲ್ಲ.

ನಪಾಸು ಮಾಡುವುದರಲ್ಲಿ ನಾನು ಹೆಸರು ಮಾಡಿದವಳು. ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ಹುಡುಗಿಯರ ಮಾತು ನಿಲ್ಲುತ್ತದೆ. ನಿಲ್ಲಲಿ ಬಿಡಿ, ಅದರಿಂದ ನನಗೇನೂ ಬೇಜಾರಿಲ್ಲ. ಆದರೆ ಅದೇ ಹುಡುಗಿಯರು ಭಾವನನ್ನು ಕಂಡರೆ "ಮಾವ, ಮಾವ" ಎಂದು ಮುತ್ತಿಕೊಳ್ಳುತ್ತಿದ್ದರು.

ಭಾವ ಮೊದಲು ಆಂಬುಲೆನ್ಸ್ ಓಡಿಸುತ್ತಿದ್ದರು. ಸ್ಟ್ರೆಚರ್ ಎತ್ತಿ ಎತ್ತಿ ಬೆನ್ನು ಹೋಯಿತು. ಹಗುರದ ಕೆಲಸ ಕೊಡಿ ಎಂದು ಕೇಳಿದ್ದಕ್ಕೆ ಇಲ್ಲಿಗೆ ಹಾಕಿದರು. ಮೊದಲ ದಿನ ಬೊಂಬೆಯನ್ನು ಮಗ್ಗುಲು ತಿರುಗಿಸಿ ಏದುಸಿರು ಬಿಡುತ್ತ, "ಹಗುರದ ಕೆಲಸ ಅಂತ ಹೇಳಿ, ಬದುಕೋಕೂ ಆಗದ ಸಾಯೋಕೂ ಆಗದ ಆಸಾಮೀನ ನನ್ನ ತಲೆಗೆ ಕಟ್ಟಿದಾರಲ್ಲಮ್ಮ" ಎಂದರು. ಆಗ ಬೊಂಬೆಯೊಳಗೆ ಯಂತ್ರದ ದನಿಯೊಂದಿತ್ತು. ನಾಲ್ಕು ಥರ ನರಳುತ್ತಿತ್ತು, ಅಷ್ಟೆ. ಒಮ್ಮೆ ಪರೀಕ್ಷೆಯ ನಡುವೆ ಅದು ಕೈಕೊಟ್ಟಿತು. ಹುಡುಗಿ ಮೂಕ ಬೊಂಬೆಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಭಾವ ಮೈಕು ಎಳೆದುಕೊಂಡು, "ಅಯ್ಯೋ ಸಿಸ್ಟರ್, ಯಾರಾದ್ರೂ ಆ ಕಿಟಕಿ ತೆಗೀರಿ, ಉಸಿರು ಕಟ್ತಿದೆ" ಎಂದರು. ನನಗೇ ಮೈ ಜುಮ್ಮೆಂದಿತು. ಅಂದಿನಿಂದ ಬೊಂಬೆಯ ಬಾಯಿ ಅವರದಾಯಿತು.

ಹುಡುಗಿಯರು ಬೊಂಬೆಗೆ ದೊಡ್ಡಣ್ಣ ಎಂದು ಹೆಸರಿಟ್ಟಿದ್ದರು. ತಲೆಗೆ ಉದ್ದ ಕೂದಲಿನ ಟೋಪನ್ ಹಾಕಿದ ದಿನ ಅದೇ ದೊಡ್ಡಕ್ಕ. ಭಾವ ದೊಡ್ಡಣ್ಣನಿಗೆ ಸಂಸಾರ ಕಟ್ಟಿಕೊಟ್ಟರು. ಜಗಳಗಂಟ ಭಾಮೈದ, ನೋಡಲು ಬಾರದ ಸೊಸೆ, ಕಾಫಿಗೆ ಸಕ್ಕರೆ ಹಾಕಬೇಡಿ ಎಂದ ಡಾಕ್ಟರ ಮೇಲೆ ಮುನಿಸು. "ಭಾವ, ಇದು ಪರೀಕ್ಷೆ, ನಾಟಕ ಅಲ್ಲ" ಎಂದು ನಾನು ಗದರಿದರೆ, "ನಾಟಕಾನೇ ಅಲ್ವೇನಮ್ಮ ಮೇಷ್ಟ್ರಮ್ಮ? ಟಿಕೆಟ್ ಒಂದು ಇಲ್ಲ" ಎನ್ನುತ್ತಿದ್ದರು. ಒಂದು ನಿಯಮವನ್ನು ಮಾತ್ರ ನಾನು ಸಡಿಲಿಸುತ್ತಿರಲಿಲ್ಲ. ಕೇಳಿದ್ದಕ್ಕಷ್ಟೇ ಬೊಂಬೆ ಉತ್ತರ ಕೊಡಬೇಕು. ತಾನಾಗಿ ಯಾವ ಸುಳಿವೂ ಕೊಡುವಂತಿಲ್ಲ. "ಸರಿ ತಾಯಿ" ಎಂದು ಭಾವ ಒಪ್ಪಿದ್ದರು.

ಆ ಕೋಣೆಯಲ್ಲಿ ಮೈಕಿನ ಮುಂದೆ ಕೂತಾಗ ಅವರಿಗೆ ಸಣ್ಣ ಒಣಕೆಮ್ಮು ಬರುತ್ತಿತ್ತು. ಎಸಿ ಗಾಳಿಗೆ ಬರುತ್ತದೆ ಎಂದುಕೊಂಡಿದ್ದೆ. ನಾನೇ ಅಕ್ಕನಿಗೆ ಹೇಳಿದೆ, ಅವಳು ದಿನಾ ಫ್ಲಾಸ್ಕಿನಲ್ಲಿ ಬಿಸಿನೀರು ಕಳಿಸಲು ಶುರುಮಾಡಿದಳು. ಭಾವ ನೀರು ಕುಡಿಯುತ್ತಿದ್ದರು, ಕೆಮ್ಮು ಹೋಗುತ್ತಿರಲಿಲ್ಲ. ಆ ಕೆಮ್ಮಿನ ಗುಟ್ಟು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಅಕ್ಕನ ಬಗ್ಗೆ ಹೇಳಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಬಾಯೆಲ್ಲ ನನ್ನ ಪಾಲಿಗೆ ಬಂದಿತ್ತು. ಒಮ್ಮೆ ಅವಳ ಮನೆ ತುಂಬ ನೆಂಟರು. ಅಕ್ಕ ನಗುನಗುತ್ತ ಒಂದೇ ಕೈಯಲ್ಲಿ ಬಡಿಸುತ್ತಿದ್ದಳು. ಎಲ್ಲರೂ ಕೈ ತೊಳೆದ ಮೇಲೆ ನೋಡಿದರೆ, ಇನ್ನೊಂದು ಕೈಯ ಮೇಲೆ ಕಾದ ಎಣ್ಣೆ ಬಿದ್ದು ಮೊಣಕೈವರೆಗೆ ಬೊಬ್ಬೆ ಎದ್ದಿದೆ, ಒದ್ದೆ ಬಟ್ಟೆ ಸುತ್ತಿ ಮುಚ್ಚಿಕೊಂಡಿದ್ದಾಳೆ. "ಬಾಯಿ ಬಿದ್ದುಹೋಗಿತ್ತಾ ನಿನಗೆ?" ಎಂದು ನಾನು ಕೂಗಾಡಿದೆ. "ಊಟದ ಮಧ್ಯೆ ಎಲ್ಲರಿಗೂ ಯಾಕೆ ಗಾಬರಿ ಅಂತ ಸುಮ್ಮನಾದೆ ಕಣೇ" ಎಂದಳು. ಭಾವ ಅವಳ ಕೈಗೆ ಮುಲಾಮು ಹಚ್ಚುತ್ತ ಕೂತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ರಜೆಯ ದಿನ ಹಾಸ್ಟೆಲಿನ ಹುಡುಗಿಯರು ಆ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಹಾಗೆ ಬಂದವಳು ಗುಬ್ಬಿ. ಗಿಡ್ಡಗೆ, ಚುರುಕಾಗಿದ್ದದ್ದಕ್ಕೆ ಭಾವ ಇಟ್ಟ ಹೆಸರು ಅದು. ಮೊದಲ ಸಲ ಅವಳನ್ನು ನಾನು ನಪಾಸು ಮಾಡಿದೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಅವಳಿಗೆ ದೊಡ್ಡಣ್ಣನ ನಾಡಿಯೇ ಸಿಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿದ್ದವಳನ್ನು ಭಾವ ಮನೆಗೆ ಕರೆದೊಯ್ದರು. ಅಕ್ಕ ಬಡಿಸಿದಳು, ಏನನ್ನೂ ಕೇಳಲಿಲ್ಲ. ಆಮೇಲೆ ಗುಬ್ಬಿ ಆ ಮನೆಯ ಮಗಳೇ ಆಗಿಬಿಟ್ಟಳು. ಅಕ್ಕನಿಗೆ ಸೂಜಿಗೆ ದಾರ ಪೋಣಿಸಿಕೊಡುವವಳು ಅವಳು, ಅತ್ತೆ ಅತ್ತೆ ಎಂದು ಅಡುಗೆಮನೆಯಲ್ಲಿ ಸುತ್ತುವವಳು ಅವಳು.

ಎರಡನೇ ಸಲ ಗುಬ್ಬಿ ಪಾಸಾದಳು. ಸುಮ್ಮನೆ ಪಾಸಲ್ಲ, ಬೊಂಬೆಯ ರಕ್ತದೊತ್ತಡ ಬೀಳುವ ಮೊದಲೇ ಗಂಟೆ ಒತ್ತಿದಳು. ಅಂಕ ಕೊಡುವಾಗ ನನಗೂ ಖುಷಿಯಾಗಿತ್ತು. ಭಾವನಂತೂ ಕಿವಿ ಕೆಂಪಗೆ ಮಾಡಿಕೊಂಡು ಕೂತಿದ್ದರು. ಸಂತೋಷಕ್ಕೆ ಎಂದುಕೊಂಡೆ.

ಮರುವರ್ಷ ಅಕ್ಕನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ನಮ್ಮದೇ ಆಸ್ಪತ್ರೆ. ಗುಬ್ಬಿ ಅದೇ ವಾರ್ಡಿನಲ್ಲಿ ನರ್ಸಾಗಿದ್ದಳು. ಅಕ್ಕನ ಮಂಚವನ್ನು ಅವಳಿಗೇ ಒಪ್ಪಿಸಿ ಎಂದು ಭಾವ ವಾರ್ಡಿನ ಹಿರಿಯ ನರ್ಸನ್ನು ಕೇಳಿಕೊಂಡರು. ಆಪರೇಷನ್ ಸುಸೂತ್ರವಾಯಿತು. ಮರುದಿನ ನಮಗೆ ಪರೀಕ್ಷೆ ಇತ್ತು. ರಜೆ ಹಾಕುತ್ತೇನೆ ಎಂದ ಭಾವನನ್ನು ಅಕ್ಕನೇ ಅಟ್ಟಿದಳು. "ಹೋಗ್ರೀ, ಪಾಪ ಮಕ್ಕಳು ಕಾಯ್ತಿರ್ತಾರೆ. ಇಲ್ಲಿ ಗುಬ್ಬಿ ಇದ್ದಾಳಲ್ಲ" ಎಂದಳು. ಭಾವ ನಿಶ್ಚಿಂತೆಯಿಂದ ಬಂದು ಮೈಕಿನ ಮುಂದೆ ಕೂತರು. ಅವತ್ತು ದೊಡ್ಡಣ್ಣ ಬಹಳ ತಮಾಷೆ ಮಾಡಿದ. ನಾನು ಗದರಲಿಲ್ಲ.

ಮಧ್ಯಾಹ್ನ ಊಟಕ್ಕೆ ಏಳಬೇಕು ಎನ್ನುವಾಗ ಅಕ್ಕನ ವಾರ್ಡಿನಿಂದ ಫೋನು ಬಂತು. ಬೆನ್ನುನೋವಿನ ಮನುಷ್ಯ ಮೆಟ್ಟಿಲನ್ನು ಹೇಗೆ ಹಾರಿದರೋ ಕಾಣೆ. ನಾನು ತಲುಪುವಷ್ಟರಲ್ಲಿ ಅಕ್ಕನನ್ನು ಸ್ಟ್ರೆಚರಿನಲ್ಲಿ ಥಿಯೇಟರಿಗೆ ಒಯ್ಯುತ್ತಿದ್ದರು, ಭಾವ ಅವಳ ಕೈ ಹಿಡಿದು ಪಕ್ಕದಲ್ಲಿ ಓಡುತ್ತಿದ್ದರು. ಥಿಯೇಟರಿನ ಬಾಗಿಲಲ್ಲಿ ಕೈ ಬಿಡಿಸಿದರು. "ಎಷ್ಟು ತಣ್ಣಗಿದೆ ಗೊತ್ತಾ ಅವಳ ಕೈ" ಎಂದರು ನನಗೆ. ಹೊಟ್ಟೆಯೊಳಗೆ ಒಂದು ಕಡೆ ರಕ್ತ ಸೋರಿ ಸೋರಿ ತುಂಬಿಕೊಂಡಿತ್ತು. ಸಂಜೆಯ ಹೊತ್ತಿಗೆ ನನಗೆ ಅಕ್ಕ ಇರಲಿಲ್ಲ.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ, ಒಂದು ಬೆಳಿಗ್ಗೆ ಗುಬ್ಬಿ ಭಾವನ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಆಸ್ಪತ್ರೆಯಲ್ಲಿ ವಿಚಾರಣೆ ನಡೆದಿತ್ತು. ಇಂಥ ರಕ್ತಸ್ರಾವ ಯಾರ ತಪ್ಪೂ ಅಲ್ಲ, ಆದರೆ ಡಾಕ್ಟರನ್ನು ಕರೆದದ್ದು ತಡವಾಯಿತು ಎಂದಿದ್ದರು. ಅವಳನ್ನು ವಾರ್ಡಿನಿಂದ ಹೊರಗಿಟ್ಟಿದ್ದರು. ಬಾಗಿಲಲ್ಲೇ ನಿಂತವಳನ್ನು ಭಾವ ಒಳಗೆ ಕರೆದರು. ಅವಳು ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತಳು.

"ನಾಡಿ ಜೋರಾಗಿತ್ತು ಮಾವ, ನಾನು ನೋಡಿದೆ" ಎಂದಳು. "ನೋವಾ ಅತ್ತೆ ಅಂತ ಕೇಳಿದೆ. 'ಚೆನ್ನಾಗಿದೀನಿ ಮಗಳೇ, ಬೆಳಗ್ಗಿಂದ ನಿಂತೇ ಇದೀಯಲ್ಲ, ಒಂದ್ನಿಮಿಷ ಕೂತ್ಕೋ' ಅಂದ್ರು. ಕೈ ಮುಟ್ಟಿದೆ, ತಣ್ಣಗಿತ್ತು. ಚಳಿ ಅಂದ್ಕೊಂಡೆ. ಫ್ಯಾನ್ ಕಮ್ಮಿ ಮಾಡಿ ಕಂಬಳಿ ಹೊದಿಸಿದೆ."

"ಫ್ಯಾನ್ ಕಮ್ಮಿ ಮಾಡಿದ್ಯಾ?" ನನ್ನ ದನಿ ಏರಿತು. "ನಾಡಿ ಜೋರು, ಕೈ ತಣ್ಣಗೆ! ಪರೀಕ್ಷೇಲಿ ಅದನ್ನೇ ಎಷ್ಟು ಬೇಗ ಹಿಡಿದಿದ್ದೆ ನೀನು! ಇಲ್ಲಿ ಏನಾಗಿತ್ತು ನಿನಗೆ?"

ಅವಳು ನನ್ನ ಕಡೆ ನೋಡಲೇ ಇಲ್ಲ. ಭಾವನನ್ನೇ ನೋಡುತ್ತ, "ಅತ್ತೆ ಕೆಮ್ಮಲೇ ಇಲ್ಲ ಮಾವ" ಎಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ಭಾವನ ಮುಖ ನೋಡಿದೆ. ಬಿಳಚಿಕೊಂಡಿತ್ತು, ಕಿವಿ ಮಾತ್ರ ಕೆಂಡದ ಹಾಗಿತ್ತು.

ಆಗ ಒಂದೊಂದಾಗಿ ಹೊರಬಂತು. ರೋಗಿಯ ಸ್ಥಿತಿ ಕೆಡುವುದಕ್ಕೆ ಸ್ವಲ್ಪ ಮೊದಲು ದೊಡ್ಡಣ್ಣ ಮೆಲ್ಲಗೆ ಕೆಮ್ಮುತ್ತಾನೆ, ಕೆಮ್ಮಿದ ಕೂಡಲೇ ಗಂಟೆ ಒತ್ತಬೇಕು. ಹಿಂದಿನ ಬ್ಯಾಚಿನವರು ಮುಂದಿನ ಬ್ಯಾಚಿನವರಿಗೆ ಹೇಳಿಕೊಡುತ್ತ ಬಂದ ಗುಟ್ಟು ಇದು. ಇಡೀ ಹಾಸ್ಟೆಲಿಗೆ ಗೊತ್ತಿತ್ತು, ನನ್ನೊಬ್ಬಳಿಗೆ ಗೊತ್ತಿರಲಿಲ್ಲ. "ಅತ್ತೆ ಕೆಮ್ಮಬೇಕು ಅಂತ ನಾನು ಕಾಯ್ತಾ ಕೂತಿರ್ಲಿಲ್ಲ ಮೇಡಂ, ಅಷ್ಟು ದಡ್ಡಿ ಅಲ್ಲ" ಎಂದು ಗುಬ್ಬಿ ಅತ್ತಳು. "ಆದ್ರೆ ಏನೋ ಒಂದು ಬರುತ್ತೆ, ಅದು ಬಂದಾಗ ಕರೀಬೇಕು ಅನ್ನೋದು ಮೈಗೇ ಅಭ್ಯಾಸ ಆಗ್ಬಿಟ್ಟಿತ್ತು. ಅತ್ತೆ ಏನೂ ಮಾಡ್ಲಿಲ್ಲ. ನಗ್ತಾನೇ ಇದ್ರು."

ಅವಳು ಹೋದ ಮೇಲೆ ನಾನು ಭಾವನ ಮುಂದೆ ನಿಂತು ಕೇಳಿದೆ. "ಯಾಕೆ ಮಾಡಿದ್ರಿ?"

"ಮೆಟ್ಟಿಲ ಮೇಲೆ ಕೂತು ಅಳ್ತವೆ ಕಣಮ್ಮ. ನೋಡೋಕಾಗಲ್ಲ" ಎಂದರು. "ಒಂದು ಸಣ್ಣ ಕೆಮ್ಮು. ಅಷ್ಟರಿಂದ ಏನಾಗುತ್ತೆ ಅಂದ್ಕೊಂಡೆ."

"ನಿಮ್ಮ ಒಳ್ಳೇತನ ನನ್ನ ಅಕ್ಕನ್ನ ತಿಂದುಹಾಕ್ತು ಭಾವ" ಎಂದೆ. ಹೌದು, ಅಂದೆ. ಅವರು ತಲೆಯೆತ್ತದೆ "ಹೌದು" ಎಂದರು. ಅಲ್ಲ ಎಂದು ಜಗಳಕ್ಕೆ ನಿಂತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಮಾತನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೆ ಆ ಮನುಷ್ಯ ಊಟ ಬಿಟ್ಟು ಖಾಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನು ನೋಡಿ ತಟ್ಟೆಗೆ ಅನ್ನ ಹಾಕಿ ಮುಂದಿಟ್ಟೆ.

ಮರುದಿನವೇ ಭಾವ ಕಾಲೇಜಿಗೆ ಹೋಗಿ ಮುಖ್ಯಸ್ಥರ ಎದುರು ಕೆಮ್ಮಿನ ವಿಷಯವನ್ನೆಲ್ಲ ಹೇಳಿಬಿಟ್ಟರು. ಮುಖ್ಯಸ್ಥರು ವಯಸ್ಸಾದ ಡಾಕ್ಟರು, ಕೂಗಾಡುವವರಲ್ಲ. ಹಳೆಯ ಅಂಕದ ಪುಸ್ತಕ ಎಳೆದುಕೊಂಡು, "ನಿಮ್ಮ ಕೆಮ್ಮು ಕೇಳಿ ಪಾಸಾದವರನ್ನೆಲ್ಲ ನಾನೀಗ ವಾಪಸ್ ಕರೆಸಿ ಪರೀಕ್ಷೆ ಮಾಡಬೇಕಲ್ರೀ" ಎಂದರು. ಭಾವನನ್ನು ಮೈಕಿನಿಂದ ತೆಗೆದು ಉಗ್ರಾಣಕ್ಕೆ ಹಾಕುವುದೆಂದಾಯಿತು. ಮೊದಲ ಮರುಪರೀಕ್ಷೆ ಗುಬ್ಬಿಯದು. ಪಾಸಾದರೆ ಮತ್ತೆ ವಾರ್ಡು, ಇಲ್ಲವಾದರೆ ನರ್ಸ್ ಕೆಲಸವನ್ನೇ ಮರೆಯಬೇಕು.

ಗುಬ್ಬಿ ಒಂದೇ ಒಂದು ಕೋರಿಕೆ ಇಟ್ಟಳು. "ಮಾವನೇ ಮಾತಾಡ್ಲಿ ಸರ್. ಬೇರೆಯವರ ಹತ್ರ ಪಾಸಾದ್ರೆ ನನಗೇ ನಂಬಿಕೆ ಬರಲ್ಲ. ಅವರು ಕೆಮ್ಮದೇ ಇದ್ರೂ ನನಗೆ ಗೊತ್ತಾಗುತ್ತಾ ನೋಡ್ಬೇಕು."

ಮುಖ್ಯಸ್ಥರು ಒಪ್ಪಿದರು. ನಾನು ಸಂಬಂಧಿಕಳಾದ್ದರಿಂದ ಅಂಕ ಕೊಡುವವರು ಅವರೇ, ನಾನು ಸುಮ್ಮನೆ ಪಕ್ಕದಲ್ಲಿ ಕೂರುವವಳು. ಸಿದ್ಧತೆ ಮಾತ್ರ ಭಾವನದು. ಆಪರೇಷನ್ ಆದ ರೋಗಿ, ಒಳಗೆ ನಿಧಾನವಾಗಿ ರಕ್ತ ಸೋರುತ್ತಿದೆ. ಬೇಕೆಂದೇ ಅದನ್ನು ಆರಿಸಿದ್ದರು. ಇಂಥ ರೋಗಿಯ ಕೈ ತಣ್ಣಗಿರಬೇಕು, ಅದಕ್ಕೆ ಬೊಂಬೆಯ ಕೈಗೆ ಐಸ್ ಚೀಲ ಕಟ್ಟಿ ಇಡುವುದು ನಮ್ಮಲ್ಲಿ ವಾಡಿಕೆ. ಅವತ್ತು ಭಾವ ಚೀಲ ಕಟ್ಟಲಿಲ್ಲ. ಮಂಚದ ಪಕ್ಕ ಕೂತು, ಐಸನ್ನು ತಮ್ಮ ಕೈಯಲ್ಲೇ ಹಿಡಿದು ಆ ರಬ್ಬರ್ ಅಂಗೈಗೆ ಒತ್ತಿಕೊಂಡಿದ್ದರು. ಆಗಾಗ ಐಸು ತೆಗೆದು ಮುಟ್ಟಿ ನೋಡುತ್ತಿದ್ದರು. "ಸಾಕು ಭಾವ" ಎಂದೆ. "ಇನ್ನೂ ಅಷ್ಟು ತಣ್ಣಗಾಗಿಲ್ಲ" ಎಂದರು. ಎಷ್ಟು ಎಂದು ನಾನು ಕೇಳಲಿಲ್ಲ.

ಗುಬ್ಬಿ ಒಳಗೆ ಬಂದಳು. ಸಮವಸ್ತ್ರ ಅವಳಿಗೆ ದೊಗಳೆಯಾಗಿತ್ತು, ಅಷ್ಟು ಇಳಿದುಹೋಗಿದ್ದಳು. ಕೈ ತೊಳೆದಳು. ಮಂಚದ ಹತ್ತಿರ ಹೋಗಿ, "ನಾನು ನಿಮ್ಮ ನರ್ಸ್. ಹೇಗಿದೀರಿ?" ಎಂದು ಕೇಳಿದಳು.

ಭಾವ ಮೈಕು ಹತ್ತಿರ ಎಳೆದುಕೊಂಡರು. ಜಗಳಗಂಟ ಭಾಮೈದ, ನೋಡಲು ಬಾರದ ಸೊಸೆ, ಯಾರೂ ಮಾತಿನಲ್ಲಿ ಬರಲಿಲ್ಲ. "ಚೆನ್ನಾಗಿದೀನಿ ಮಗಳೇ" ಎಂದರು. "ಬೆಳಗ್ಗಿಂದ ನಿಂತೇ ಇದೀಯಲ್ಲ. ಒಂದ್ನಿಮಿಷ ಕೂತ್ಕೋ."

ದನಿ ಅವರದು, ಮಾತು ನನ್ನ ಅಕ್ಕನದು. ನಾನು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಒಳಗೆ ಗುಬ್ಬಿ ಕಲ್ಲಿನಂತೆ ನಿಂತಳು. ತಲೆಯೆತ್ತಿ ಗಾಜಿನ ಕಡೆ ನೋಡಿದಳು. ಅವಳಿಗೆ ಕಾಣುವುದು ತನ್ನ ಮುಖ ಮಾತ್ರ ಎಂದು ಗೊತ್ತಿದ್ದರೂ ನಾವು ಮೂವರೂ ಮೈ ಹಿಡಿ ಮಾಡಿಕೊಂಡೆವು. ಭಾವ ಗುಂಡಿ ಒತ್ತಿ ನಾಡಿಯನ್ನು ಏರಿಸಿದರು.

ಅವಳು ಮಣಿಕಟ್ಟು ಹಿಡಿದಳು. ಗಡಿಯಾರ ನೋಡಿ ನಾಡಿ ಎಣಿಸಿದಳು. "ನೋವಿದೆಯಾ?" ಎಂದಳು.

"ಇಲ್ಲ ಮಗಳೇ. ಏನೂ ಇಲ್ಲ."

ಕೋಣೆಯಲ್ಲಿ ಬೊಂಬೆಯ ಉಸಿರೊಂದೇ ಸದ್ದು. ಅವಳು ಆ ರಬ್ಬರ್ ಬಾಯಿಯನ್ನೇ ನೋಡುತ್ತಿದ್ದಳು. ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಪಕ್ಕದಲ್ಲಿ ಭಾವನ ಗಂಟಲು ಏರಿ ಇಳಿಯಿತು. ಅವರು ಎಡಗೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಕೈ ಬಾಯಿಂದ ಕದಲಲಿಲ್ಲ. ಕೆಮ್ಮಿಬಿಡಿ ಎಂದು ನನಗೇ ಅನ್ನಿಸಿತು. ಸತ್ಯವಾಗಿ ಹೇಳುತ್ತೇನೆ, ಅಷ್ಟು ಜನರನ್ನು ನಪಾಸು ಮಾಡಿದ ನನಗೇ ಅನ್ನಿಸಿತು.

ಗುಬ್ಬಿ ಬಾಯಿಯಿಂದ ಕಣ್ಣು ಕಿತ್ತು ತನ್ನ ಕೈಯಲ್ಲಿದ್ದ ಕೈಯನ್ನು ನೋಡಿದಳು. ಇನ್ನೊಂದು ಕೈಯನ್ನೂ ಅದರ ಮೇಲಿಟ್ಟಳು. "ಇಲ್ಲ, ನೀವು ಚೆನ್ನಾಗಿಲ್ಲ" ಎಂದಳು. "ಕೈ ತಣ್ಣಗಿದೆ. ನಾಡಿ ಜೋರಾಗಿದೆ. ನೀವು ಏನೇ ಹೇಳಿ, ನಾನು ಡಾಕ್ಟರನ್ನ ಕರೀತೀನಿ." ಗಂಟೆ ಒತ್ತಿದಳು. ಪರೀಕ್ಷೆಗೆಂದು ಹೊರಗೆ ಕಾದಿದ್ದು ಬಂದ ಡಾಕ್ಟರಿಗೆ ಎಲ್ಲವನ್ನೂ ಸರಿಯಾಗಿ, ಸಾಲಾಗಿ ಹೇಳಿದಳು. ಹೇಳುವಾಗಲೂ ಆ ಕೈ ಬಿಟ್ಟಿರಲಿಲ್ಲ.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಸು" ಎಂದಷ್ಟೇ ಹೇಳಿ, ಭಾವನ ಭುಜ ತಟ್ಟಿ, ಗುಬ್ಬಿಯನ್ನು ಕರೆದುಕೊಂಡು ಹೊರಗೆ ಹೋದರು. ಅವಳು ನಮ್ಮ ಕೋಣೆಯ ಬಾಗಿಲ ಮುಂದೆ ಒಂದು ಕ್ಷಣ ನಿಂತ ಸದ್ದಾಯಿತು. ಒಳಗೆ ಬರಲಿಲ್ಲ. ಬಾರದೆ ಇದ್ದದ್ದೇ ಒಳ್ಳೆಯದಾಯಿತು.

ಕಲಿಸುವವರ ನಿಯಮದಂತೆ, ಸರಿಯಾದ ಹೊತ್ತಿಗೆ ಡಾಕ್ಟರು ಬಂದರೆ ರೋಗಿ ಸುಧಾರಿಸಬೇಕು. ಭಾವ ಗುಂಡಿಗಳನ್ನು ಒಂದೊಂದಾಗಿ ಒತ್ತಿದ್ದರು. ನಾಡಿ ಇಳಿದಿತ್ತು, ರಕ್ತದೊತ್ತಡ ಏರಿತ್ತು. ಯಾರೂ ಇಲ್ಲದ ಕೋಣೆಯಲ್ಲಿ ದೊಡ್ಡಣ್ಣ ನೆಮ್ಮದಿಯಾಗಿ ಉಸಿರಾಡುತ್ತ ಮಲಗಿದ್ದ.

"ಸ್ವಿಚ್ ಆರಿಸಿ ಭಾವ, ಮನೆಗೆ ಹೋಗೋಣ" ಎಂದೆ.

ಅವರು ಎದ್ದು ಒಳಗೆ ಹೋದರು. ಟವೆಲಿನಿಂದ ಬೊಂಬೆಯ ಒದ್ದೆ ಕೈ ಒರೆಸಿ, ತಮ್ಮ ಎರಡೂ ಅಂಗೈ ನಡುವೆ ಇಟ್ಟುಕೊಂಡು ಮೆಲ್ಲಗೆ ತಿಕ್ಕುತ್ತ ಕೂತರು. ನಾನು ಹಿಂದೆಯೇ ಹೋಗಿ ನಿಂತೆ.

"ಸ್ವಲ್ಪ ಇರಮ್ಮ" ಎಂದರು, ನನ್ನ ಕಡೆ ತಿರುಗದೆ. "ಈಗ ತಾನೇ ಬೆಚ್ಚಗಾಗ್ತಿದೆ."

ಸ್ಟೂಲು ಎಳೆದುಕೊಂಡು ಆ ಕಡೆಯ ಕೈ ಹತ್ತಿರ ಕೂತೆ. ಅವತ್ತು ಸ್ವಿಚ್ ಆರಿಸಲು ನಾವಿಬ್ಬರೂ ಬಹಳ ತಡಮಾಡಿದೆವು.